ಶಾಲೆಯ ಆಯ್ಕೆ ಮತ್ತು ತರಗತಿಯ ಗಾಳಿ

ಮಕ್ಕಳಿಗೆ ಶಾಲೆಯನ್ನು ಆರಿಸುವಾಗ ನಾವು ಫಲಿತಾಂಶದ ಪಟ್ಟಿಯನ್ನು ನೋಡುತ್ತೇವೆ. ಮಾಧ್ಯಮ, ಶುಲ್ಕ, ಶಿಸ್ತು, ವಾಹನ ಸೌಕರ್ಯಗಳನ್ನು ವಿಚಾರಿಸುತ್ತೇವೆ. ಆದರೆ ಮಗು ದಿನಕ್ಕೆ ಐದಾರು ಗಂಟೆ ಉಸಿರಾಡಲಿರುವ ಗಾಳಿ ಎಂತಹುದೆಂದು ಕೇಳುವವರು ವಿರಳ. ಕಣ್ಣಿಗೆ ಕಾಣದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ ಹೊಸತಲ್ಲ. ಕೋಣೆಯ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈ ಆಕ್ಸೈಡ್ 1000 ಭಾಗಗಳನ್ನು ಮೀರಬಾರದೆಂದು ಮ್ಯೂನಿಕ್‌ನ ಆರೋಗ್ಯವಿಜ್ಞಾನಿ ಪೆಟನ್‌ಕೋಫರ್ 1858ರಲ್ಲೇ ಸೂಚಿಸಿದ್ದರು. ಹೊರಗಿನ ಗಾಳಿಯಲ್ಲಿ ಇಂದು ಅದು 420ಕ್ಕಿಂತ ತುಸು ಹೆಚ್ಚು. ಐವತ್ತು ಮಕ್ಕಳಿರುವ ಸಾಧಾರಣ ಕೊಠಡಿಯನ್ನು ಪೂರ್ತಿ ಮುಚ್ಚಿದರೆ ಕಾಲು ಗಂಟೆಯೊಳಗೆ ಆ ಮಿತಿ ದಾಟುತ್ತದೆ. ಈ ಪ್ರಮಾಣದಲ್ಲಿ ಆ ಅನಿಲ ವಿಷವೇನೂ ಅಲ್ಲ. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಸೇವಿಸುತ್ತಿದ್ದಾರೆ ಎಂಬುದರ ಸೂಚನೆ ಅದು. ತೂಕಡಿಕೆ, ತಲೆನೋವುಗಳಿಗೂ ನೆಗಡಿ ಕೆಮ್ಮುಗಳು ತರಗತಿಯಿಡೀ ಹರಡುವುದಕ್ಕೂ ಇದರಿಂದ ಎಡೆಯಾಗುತ್ತದೆ.

ಹವಾನಿಯಂತ್ರಿತ ತರಗತಿ ಇಂದು ಪ್ರತಿಷ್ಠೆಯ ಗುರುತಾಗಿದೆ. ಆದರೆ ಗೋಡೆಗೆ ತೂಗುಹಾಕುವ ಸಾಮಾನ್ಯ ಏರ್ ಕಂಡೀಶನರ್ ಒಳಗಿನ ಗಾಳಿಯನ್ನೇ ತಂಪಾಗಿಸಿ ಮರಳಿ ಬಿಡುತ್ತದೆ. ಹೊರಗಿನ ಗಾಳಿಯನ್ನು ತರುವುದಿಲ್ಲ. ತಂಪು ಬೇರೆ, ಶುದ್ಧಿ ಬೇರೆ.

ನಮ್ಮ ಕರಾವಳಿಯಲ್ಲಿ ಶಾಲೆ ಆರಂಭವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಕಿಟಕಿಗಳು ಮುಚ್ಚುತ್ತವೆ, ಗೋಡೆಗಳು ತೇವಗೊಳ್ಳುತ್ತವೆ, ಬೂಷ್ಟು ಬೆಳೆಯುತ್ತದೆ. ತೇವ ಮತ್ತು ಬೂಷ್ಟಿಗೂ ಅಸ್ತಮಾಕ್ಕೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸ್ಪಷ್ಟಪಡಿಸಿದೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಆರಂಭಿಸಿದ ಹಂಚಿನ ಕಾರ್ಖಾನೆಯ ಕಾಲದಿಂದ ನಮಗೆ ಪರಿಚಿತವಾದ ಹೆಂಚಿನ ಮಾಡು ತನ್ನ ಸಂದುಗಳಲ್ಲೇ ಗಾಳಿಯಾಡಲು ಬಿಡುತ್ತಿತ್ತು. ಕಾಂಕ್ರೀಟು ಛಾವಣಿಗೆ ಆ ಗುಣವಿಲ್ಲ. ಆ ಕೊರತೆಯನ್ನು ಎದುರುಬದುರಾದ ಕಿಟಕಿಗಳೇ ತುಂಬಬೇಕು.

ಆದುದರಿಂದ ಹೆತ್ತವರು ಕಚೇರಿಯಿಂದಲೇ ಹಿಂದಿರುಗದೆ ತರಗತಿಯೊಳಗೆ ಹೋಗಿ ನೋಡಲಿ. ಕಿಟಕಿಗಳು ಎರಡು ಬದಿಯಲ್ಲಿವೆಯೇ, ತೆರೆಯುತ್ತವೆಯೇ? ಮೂಲೆಗಳಲ್ಲಿ ಕಪ್ಪು ಕಲೆ, ಮುಗ್ಗಲು ವಾಸನೆ ಇದೆಯೇ? ಶಾಲಾ ಬಸ್ಸುಗಳು ಕಿಟಕಿಯ ಕೆಳಗೇ ಇಂಜಿನ್ ನಿಲ್ಲಿಸದೆ ಕಾಯುತ್ತವೆಯೇ? ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು 2012ರಲ್ಲೇ ವರ್ಗೀಕರಿಸಲ್ಪಟ್ಟಿದೆ.

ಶಾಲೆಯನ್ನು ಆರಿಸುವ ಅವಕಾಶ ಎಲ್ಲ ಕುಟುಂಬಗಳಿಗೂ ಇಲ್ಲವೆಂಬುದನ್ನು ನಾವು ಮರೆಯಲಾಗದು. ಹತ್ತಿರದ ಶಾಲೆಯೇ ಗತಿಯೆಂಬವರ ಮಕ್ಕಳೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಆರಿಸಬಲ್ಲವರು ದೋಷ ಕಂಡು ಬೇರೆ ಶಾಲೆಗೆ ಹೋದರೆ ಅವರ ಮಗುವಿಗೆ ಮಾತ್ರ ಹಿತ. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕೇಳಿ ಸರಿಪಡಿಸಿದರೆ ಎಲ್ಲರಿಗೂ ಹಿತ. ನಮ್ಮ ಧರ್ಮಕೇಂದ್ರಗಳು ನಡೆಸುವ ಶಾಲೆಗಳೂ ಈ ಪ್ರಶ್ನೆಗೆ ಹೊರತಲ್ಲ. ತುಕ್ಕು ಹಿಡಿದ ಕಿಟಕಿಯ ಅಗುಳಿಯನ್ನು ದುರಸ್ತಿಗೊಳಿಸಲು ದೊಡ್ಡ ದೇಣಿಗೆಯೇನೂ ಬೇಕಾಗದು.