ಪ್ರೌಢಶಾಲೆಯೂ ಕಸುಬಿನ ಶಿಕ್ಷಣವೂ

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಪದವಿಪೂರ್ವ ಪ್ರಥಮ ವರ್ಷದವರು ಓಮ್‌ನ ನಿಯಮದ ಪ್ರಯೋಗದಲ್ಲಿ ತೊಡಗಿದ್ದರು. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ತೊಂಬತ್ತಕ್ಕೂ ಹೆಚ್ಚು ಅಂಕ ಪಡೆದಿದ್ದ ವಿದ್ಯಾರ್ಥಿಯೊಬ್ಬನು ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಿದನು. ಆ ಬಳಿಕ ಅಮ್ಮೀಟರನ್ನು ಸರಣಿಯಲ್ಲಿ ಸೇರಿಸುವ ಬದಲು ಬ್ಯಾಟರಿಯ ಎರಡು ತುದಿಗಳಿಗೇ ನೇರವಾಗಿ ಜೋಡಿಸಹೊರಟನು. ಪಕ್ಕದ ಮೇಜಿನ ಹುಡುಗನು ಅದನ್ನು ಕಂಡೊಡನೆ ಕೈಚಾಚಿ ತಂತಿಯನ್ನು ಬಿಡಿಸಿದನು. ನಗರದ ಸರ್ಕಾರಿ ಪ್ರೌಢಶಾಲೆಯೊಂದರಿಂದ ಬಂದಿದ್ದ ಆತನ ತಂದೆ ಮನೆಗಳಿಗೆ ವೈರಿಂಗ್ ಮಾಡುವವರು. ರಜೆಯಲ್ಲಿ ಮಗನೂ ಜೊತೆಗೆ ಹೋಗುತ್ತಿದ್ದನು. "ಹೀಗೆ ಕೊಟ್ಟರೆ ಮೀಟರ್ ಸುಟ್ಟುಹೋಗುತ್ತದೆ ಸಾರ್" ಎಂದನು. ಏಕೆ ಎಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿದನು.

ಒಬ್ಬನಿಗೆ ಸೂತ್ರ ತಿಳಿದಿತ್ತು, ಕೈಗೆ ಪಳಗಿರಲಿಲ್ಲ. ಇನ್ನೊಬ್ಬನ ಕೈ ಪಳಗಿತ್ತು, ಸೂತ್ರ ತಿಳಿದಿರಲಿಲ್ಲ. ಮೊದಲನೆಯವನು ಇಂದು ಇಂಜಿನಿಯರಿಂಗ್ ಓದುತ್ತಿದ್ದಾನೆ. ಎರಡನೆಯವನು ವರ್ಷಾಂತ್ಯದ ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಅನುತ್ತೀರ್ಣನಾಗಿ ಕಾಲೇಜನ್ನು ಬಿಟ್ಟನು. ಅವನು ಬಲ್ಲುದನ್ನು ಕೇಳುವ ಪ್ರಶ್ನೆಯೊಂದೂ ನಮ್ಮ ಪ್ರಶ್ನಪತ್ರಿಕೆಯಲ್ಲಿರಲಿಲ್ಲ. ಕೇಳಿ ತಿಳಿಯುವ ಪ್ರಯತ್ನವನ್ನು ನಾನೂ ಮಾಡಲಿಲ್ಲ. ಈ ಲೇಖನಕ್ಕೆ ಆ ಕೊರಗೇ ಕಾರಣ.

ಹತ್ತನೆಯ ತರಗತಿ ಮುಗಿದೊಡನೆ ನಗರದ ವಿದ್ಯಾರ್ಥಿಯ ಮುಂದೆ ಮೂರು ದಾರಿಗಳಿರುತ್ತವೆ: ಪದವಿಪೂರ್ವ ಕಾಲೇಜು, ಪಾಲಿಟೆಕ್ನಿಕ್, ಐ.ಟಿ.ಐ. ಇವುಗಳಲ್ಲೊಂದನ್ನು ಆರಿಸಿಕೊಳ್ಳಲು ಒಲವೂ ಅಭಿರುಚಿಯೂ ಆಧಾರವಾಗಬೇಕಾಗಿತ್ತು; ಬಹುಮಟ್ಟಿಗೆ ಆಧಾರವಾಗಿರುವುದು ಅಂಕವೊಂದೇ. "ಓದದಿದ್ದರೆ ಐ.ಟಿ.ಐ.ಗೆ ಹೋಗಬೇಕಾದೀತು" ಎಂದು ಗದರಿಸುವ ಉಪಾಧ್ಯಾಯರೂ ತಂದೆತಾಯಿಗಳೂ ಇದ್ದಾರೆ. ಕಸುಬನ್ನು ಶಿಕ್ಷೆಯೆಂದು ತೋರಿಸಿದ ಮೇಲೆ ಅದನ್ನು ಶಿಕ್ಷಣವೆಂದು ನಂಬಿಸುವುದು ಹೇಗೆ?

ಈ ದೋಷವನ್ನು ನಮ್ಮ ಹಿರಿಯರು ಅರಿಯದಿರಲಿಲ್ಲ. 1952-53ರ ಮೊದಲಿಯಾರ್ ಆಯೋಗವು ಪಾಠ ಮತ್ತು ಕಸುಬುಗಳೆರಡಕ್ಕೂ ಎಡೆಯಿರುವ ಬಹೂದ್ದೇಶ ಶಾಲೆಗಳನ್ನು ಸ್ಥಾಪಿಸುವಂತೆ ಸಲಹೆಮಾಡಿತು. 1964-66ರ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದ ದೌಲತ್ ಸಿಂಗ್ ಕೊಠಾರಿಯವರು ಸ್ವತಃ ಭೌತವಿಜ್ಞಾನಿಗಳು. ಕಾರ್ಯಾನುಭವವು ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕೆಂದು ಅವರ ಆಯೋಗವು ಸಾರಿತು. 1986ರ ರಾಷ್ಟ್ರೀಯ ನೀತಿಯು ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಲ್ಲಿ ಶೇಕಡಾ 25ರಷ್ಟು ಮಂದಿ 1995ರೊಳಗೆ ವೃತ್ತಿಶಿಕ್ಷಣಕ್ಕೆ ಬರಬೇಕೆಂದು ಗುರಿಯಿಟ್ಟಿತು. ಆದರೆ 2020ರ ನೀತಿಯು ಉಲ್ಲೇಖಿಸುವ ಅಂದಾಜಿನಂತೆ, 19ರಿಂದ 24ರ ವಯಸ್ಸಿನ ದುಡಿಯುವ ಜನರಲ್ಲಿ ಕ್ರಮಬದ್ಧವಾದ ವೃತ್ತಿಶಿಕ್ಷಣ ಪಡೆದವರು ಶೇಕಡಾ 5ಕ್ಕಿಂತಲೂ ಕಡಮೆ. ವರದಿಗಳ ಕೊರತೆಯಿಂದ ನಾವು ಹಿಂದುಳಿದಿಲ್ಲವೆಂಬುದು ಸ್ಪಷ್ಟ.

ನನ್ನ ದೃಷ್ಟಿಯಲ್ಲಿ ಮೂಲದೋಷವಿರುವುದು ಪಾಠವನ್ನೂ ಕಸುಬನ್ನೂ ಬೇರೆಬೇರೆ ಕೊಠಡಿಗಳಲ್ಲಿಟ್ಟು ನಡುವೆ ಗೋಡೆಯೆಬ್ಬಿಸಿದುದರಲ್ಲಿ. ಆ ಗೋಡೆ ಎಷ್ಟು ಕೃತಕವೆಂಬುದಕ್ಕೆ ಮನೆಯ ಗೀಸರನ್ನೇ ತೆಗೆದುಕೊಳ್ಳೋಣ. 2000 ವಾಟ್ ಸಾಮರ್ಥ್ಯದ ಗೀಸರಿಗೆ 230 ವೋಲ್ಟ್ ಒದಗಿಸಿದರೆ ಅದರಲ್ಲಿ ಹರಿಯುವ ಪ್ರವಾಹ ಸುಮಾರು 8.7 ಆಂಪಿಯರ್. ಇದನ್ನು 6 ಆಂಪಿಯರ್ ಸಾಕೆಟ್ಟಿಗೆ ಸೇರಿಸಬಾರದು, 16 ಆಂಪಿಯರ್ ಸಾಕೆಟ್ಟಿಗೇ ಸೇರಿಸಬೇಕೆಂಬುದನ್ನು ವೈರಿಂಗ್ ಕೆಲಸದವರೆಲ್ಲರೂ ಬಲ್ಲರು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಜೂಲ್‌ನ ನಿಯಮವನ್ನು ಹತ್ತನೆಯ ತರಗತಿಯವರೆಲ್ಲರೂ ಬಲ್ಲರು. ಇವೆರಡನ್ನೂ ಕೂಡಿಸಿ ನೋಡಿ: 6ರ ಬದಲು 8.7 ಆಂಪಿಯರ್ ಹರಿದರೆ ಪ್ರವಾಹ ಹೆಚ್ಚಿದುದು ಒಂದೂವರೆ ಪಟ್ಟಿನಷ್ಟೂ ಅಲ್ಲ. ಶಾಖವಾದರೋ ಎರಡು ಪಟ್ಟನ್ನು ಮೀರುತ್ತದೆ. ಸಾಕೆಟ್ಟು ಕರಗುವುದೂ ಬೆಂಕಿ ಹೊತ್ತುವುದೂ ಏಕೆಂಬುದು ಆಗ ತಿಳಿಯುತ್ತದೆ. ಕಸುಬುದಾರನಿಗೆ ಕಾರಣ ದೊರೆಯಿತು, ವಿದ್ಯಾರ್ಥಿಗೆ ಸೂತ್ರದ ಅರ್ಥ ದೊರೆಯಿತು. ಇದು ಭೌತಶಾಸ್ತ್ರದ ಪಾಠವೋ ವೈರಿಂಗಿನ ಪಾಠವೋ ಹೇಳಬಲ್ಲಿರಾ?

ಹೀಗೆ ಎರಡನ್ನೂ ಒಂದೇ ಶಾಲೆಯಲ್ಲಿ ಬೆಸೆಯುವುದು ಕಾರ್ಯಸಾಧ್ಯವೇ ಎಂದು ಕೇಳುವವರು ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಯೊಂದನ್ನು ಗಮನಿಸಬಹುದು. ಆ ನಗರದ ಶಿಕ್ಷಣ ಇಲಾಖೆ, ಅಲ್ಲಿಯ ಸಿಟಿ ವಿಶ್ವವಿದ್ಯಾನಿಲಯ ಮತ್ತು ಐ.ಬಿ.ಎಂ. ಕಂಪೆನಿ ಸೇರಿ 2011ರಲ್ಲಿ ಬ್ರೂಕ್ಲಿನ್‌ನಲ್ಲಿ 'ಪಿ-ಟೆಕ್' ಎಂಬ ಪ್ರೌಢಶಾಲೆಯನ್ನು ತೆರೆದವು. ಪ್ರವೇಶ ಪರೀಕ್ಷೆಯಿಲ್ಲ, ಶುಲ್ಕವಿಲ್ಲ. ಒಂಬತ್ತನೆಯ ತರಗತಿಗೆ ಸೇರಿದವರು ಆರು ವರ್ಷಗಳೊಳಗೆ ಪ್ರೌಢಶಾಲೆಯನ್ನು ಮುಗಿಸುವುದಲ್ಲದೆ, ಎರಡು ವರ್ಷದ ಕಾಲೇಜು ಪದವಿಯನ್ನೂ ಪಡೆಯಬಹುದು. ಜೊತೆಗೆ ಸಂಬಳ ಸಹಿತವಾದ ತರಬೇತಿಯೂ ಕಂಪೆನಿಯ ನೌಕರರ ಮಾರ್ಗದರ್ಶನವೂ ಉಂಟು. 2015ರಲ್ಲಿ ಮೊದಲ ಆರು ಮಂದಿ ನಾಲ್ಕೇ ವರ್ಷಗಳಲ್ಲಿ ಎರಡನ್ನೂ ಮುಗಿಸಿದರು. ಸೇರಿದವರೆಲ್ಲರೂ ಪದವಿಯವರೆಗೆ ತಲುಪಲಿಲ್ಲವೆಂಬುದೂ, ಒಂದು ಕಂಪೆನಿಯ ಅಗತ್ಯಕ್ಕೆ ತಕ್ಕಂತೆ ಪಾಠಗಳನ್ನು ರೂಪಿಸುವುದರಲ್ಲಿ ಅಪಾಯವಿದೆಯೆಂಬುದೂ ನಿಜ. ಆದರೂ ಅಲ್ಲಿಂದ ಕಲಿಯತಕ್ಕ ಒಂದಂಶವಿದೆ: ಅಲ್ಲಿ ಉದ್ಯೋಗದ ಸಿದ್ಧತೆಯೇ ಕಾಲೇಜಿನ ಬಾಗಿಲೂ ಆಗಿದೆ.

ಇದಕ್ಕೊಂದು ಬಲವಾದ ಆಕ್ಷೇಪಣೆಯುಂಟು. ಹೆಣ್ಣುಮಕ್ಕಳಿಗೆ ಹೊಲಿಗೆ, ಬಡವರ ಮಕ್ಕಳಿಗೆ ಕಸುಬು ಎಂದು ಗೆರೆಯೆಳೆದು, ಕಾಲೇಜನ್ನು ಉಳ್ಳವರಿಗೇ ಮೀಸಲಿಡುವ ಉಪಾಯ ಇದಾಗದೆ? ತಲೆಮಾರುಗಳಿಂದ ಜಾತಿಯ ಕಸುಬಿಗೆ ಕಟ್ಟುಬಿದ್ದಿದ್ದ ಮನೆತನದವರು ಮಗನನ್ನು ಅದರಿಂದ ಬಿಡಿಸಲೆಂದೇ ಶಾಲೆಗೆ ಕಳುಹಿಸುತ್ತಾರೆ. ಅವರ ಈ ಭಯವನ್ನು ಅಲ್ಲಗಳೆಯುವ ಅಧಿಕಾರ ನಮಗಿಲ್ಲ. ಆದುದರಿಂದಲೇ ಕಸುಬಿನ ಪಾಠ ಅಂಕ ಕಡಮೆಯಾದವರಿಗೆ ಮಾತ್ರವಲ್ಲದೆ ಎಲ್ಲರಿಗೂ ಇರಬೇಕು, ಹುಡುಗಿಯರಿಗೂ ವೈರಿಂಗ್, ಹುಡುಗರಿಗೂ ಹೊಲಿಗೆ. ಅದರೊಳಗಿನ ವಿಜ್ಞಾನವನ್ನು ಕಳೆದು ಬರಿಯ ಕೈಚಳಕವನ್ನಷ್ಟೇ ಕಲಿಸಬಾರದು.

ಮೂರನೆಯ ಬೇಡಿಕೆಯೆಂದರೆ, ಮುಂದಿನ ಓದಿನ ಬಾಗಿಲು ಎಂದೂ ಮುಚ್ಚಬಾರದು. ನಮ್ಮಲ್ಲಿ ಐ.ಟಿ.ಐ. ಮುಗಿಸಿದವರು ಡಿಪ್ಲೊಮದ ಎರಡನೆಯ ವರ್ಷಕ್ಕೂ, ಡಿಪ್ಲೊಮ ಮುಗಿಸಿದವರು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಲು ಅವಕಾಶವಿದೆ. ಈ ಏಣಿಯನ್ನು ಎಷ್ಟು ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಗಳಿಗೆ ವಿವರಿಸಿ ಹೇಳುತ್ತಾರೆ? ನನ್ನ ತರಗತಿಯನ್ನು ಬಿಟ್ಟುಹೋದ ಆ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದವರಲ್ಲಿ ನಾನೂ ಒಬ್ಬನು.

ಇದಕ್ಕೆಲ್ಲ ಭಾರಿ ಯಂತ್ರಶಾಲೆಯೇನೂ ಬೇಕಿಲ್ಲ. ವಿಜ್ಞಾನದ ಉಪಾಧ್ಯಾಯರೂ ಊರಿನ ನುರಿತ ಕೆಲಸಗಾರರೊಬ್ಬರೂ ವಾರಕ್ಕೊಂದು ದಿನ ಒಂದೇ ಮೇಜಿನ ಬಳಿ ನಿಂತು ಕಲಿಸಲಿ. ಪರೀಕ್ಷೆಯಲ್ಲಿ ನಿಯಮಕ್ಕೆ ಅರ್ಧ ಅಂಕಗಳಿದ್ದರೆ, ಮಂಡಲವನ್ನು ಸರಿಯಾಗಿ ಜೋಡಿಸಿ ಕಾರಣ ಹೇಳಿದವನಿಗೆ ಉಳಿದರ್ಧವಿರಲಿ.

ವಿದ್ಯಾರ್ಥಿಮಿತ್ರರೇ, ಪಠ್ಯಕ್ರಮ ಬದಲಾಗುವವರೆಗೆ ನೀವು ಕಾಯಬೇಕಾಗಿಲ್ಲ. ನಿಮ್ಮಲ್ಲಿ ಸೂತ್ರವನ್ನು ಬಲ್ಲವರು ತಂತಿಯನ್ನು ಬಲ್ಲ ಸಹಪಾಠಿಯ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಆತನಿಗೆ 'ಏಕೆ' ಎಂಬುದನ್ನು ಹೇಳಿ, ಆತನಿಂದ 'ಹೇಗೆ' ಎಂಬುದನ್ನು ಕೇಳಿ ತಿಳಿಯಿರಿ. ಅಂದು ಆ ಎರಡು ಮೇಜುಗಳ ನಡುವೆ ಇದ್ದ ಅಂತರ ಕೇವಲ ಎರಡು ಅಡಿ. ಅದನ್ನು ದಾಟಿಸುವುದು ಅಧ್ಯಾಪಕನಾದ ನನ್ನ ಕೆಲಸವಾಗಿತ್ತು.