ಲೇಬಲ್‌ನಲ್ಲಿ ಜಾಗ ಇರಲಿಲ್ಲವಂತೆ!

ಗಿಟಾರ್ ಕಲಿಯಲು ಹೋದವರಿಗೆ ಒಂದಲ್ಲ ಒಂದು ದಿನ ಈ ಪಾಠ ಎದುರಾಗುತ್ತದೆ. ಎ ಮೈನರ್ ಹಿಡಿದು, ತಂತಿಗಳನ್ನು ಒಟ್ಟಿಗೆ ಬಾರಿಸದೆ ಒಂದೊಂದಾಗಿ ಮೀಟುವುದು. ‘ದಿ ಹೌಸ್ ಆಫ್ ದಿ ರೈಸಿಂಗ್ ಸನ್’ ಶುರುವಾಗುವುದೇ ಹಾಗೆ. ‘ದಿ ಅನಿಮಲ್ಸ್’ ತಂಡದಲ್ಲಿ ಅದನ್ನು ನುಡಿಸಿದವರು ಹಿಲ್ಟನ್ ವ್ಯಾಲೆಂಟೈನ್. ಆದರೆ ಹಾಡನ್ನು ಹೊಂದಿಸಿದವರು ಯಾರು ಎಂದು ರೆಕಾರ್ಡ್‌ ಮೇಲೆ ಬರೆದ ಕಡೆ ಅವರ ಹೆಸರಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

1964ರ ಮೇ 18. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಈ ಐವರು ಹುಡುಗರು ಚಕ್ ಬೆರಿ ಜೊತೆ ಊರೂರು ಸುತ್ತಿ ಕಾರ್ಯಕ್ರಮ ಕೊಡುತ್ತಿದ್ದರು. ನಡುವೆಯೇ ಲಂಡನ್ನಿನ ಸ್ಟುಡಿಯೊಗೆ ಬಂದು ಒಂದೇ ಟೇಕ್‌ನಲ್ಲಿ ಹಾಡು ಮುಗಿಸಿದರು. ಮೂರು ನಿಮಿಷದ ಹಾಡುಗಳ ಕಾಲದಲ್ಲಿ ಇದು ನಾಲ್ಕೂವರೆ ನಿಮಿಷ! ಜುಲೈನಲ್ಲಿ ಬ್ರಿಟನ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ನಂಬರ್ ಒನ್.

ಮೂಲ ಯಾರದೆಂದು ಗೊತ್ತಿಲ್ಲದ ಜಾನಪದ ಹಾಡು. ಹಾಗಾಗಿ ಲೇಬಲ್‌ನಲ್ಲಿ ‘ಸಾಂಪ್ರದಾಯಿಕ’ ಎಂದು ಬರೆದು, ಹೊಂದಿಸಿದವರ ಹೆಸರು ಹಾಕುತ್ತಾರೆ. ರಾಯಲ್ಟಿ ಹೋಗುವುದು ಆ ಹೆಸರಿಗೆ. ಅಲ್ಲಿದ್ದದ್ದು ಆರ್ಗನ್ ನುಡಿಸಿದ ಅಲನ್ ಪ್ರೈಸ್ ಹೆಸರು ಮಾತ್ರ. ಗಾಯಕ ಎರಿಕ್ ಬರ್ಡನ್ ಹೇಳುವ ಪ್ರಕಾರ, ಐದೂ ಹೆಸರಿಗೆ ಲೇಬಲ್‌ನಲ್ಲಿ ಜಾಗ ಸಾಲಲಿಲ್ಲ, ಅಕ್ಷರ ಕ್ರಮದಲ್ಲಿ ಅಲನ್ ಮೊದಲು ಬಂದರು, ಅಷ್ಟೆ. ಆರ್ಗನ್ ಅದ್ಭುತ, ಒಪ್ಪುತ್ತೇನೆ. ಆದರೆ ಗಿಟಾರ್ ಇಲ್ಲದೆ, ಬರ್ಡನ್ ಕಂಠವಿಲ್ಲದೆ ಆ ಹಾಡನ್ನು ಊಹಿಸಿಕೊಳ್ಳಿ ನೋಡೋಣ.

‘ಜಾಗ ಇಲ್ಲ’ ಎಂಬ ಮಾತು ನಿಮಗೂ ಪರಿಚಯ ಇರಬಹುದು. ನಾನು ಇಂಟರ್ನ್‌ಶಿಪ್ ಮಾಡಿದ ಕಡೆ ನಾವು ಮೂವರು ಎರಡು ವಾರ ಕೂತು ಮಾಡಿದ ಪ್ರೆಸೆಂಟೇಶನ್‌ನ ಮೊದಲ ಸ್ಲೈಡ್‌ನಲ್ಲಿ ಟೀಮ್ ಲೀಡ್ ಹೆಸರೊಂದೇ ಇತ್ತು. ಕೇಳಿದ್ದಕ್ಕೆ, ‘ತುಂಬಾ ಹೆಸರು ಹಾಕಿದ್ರೆ ಸ್ಲೈಡ್ ನೋಡೋಕೆ ಚೆನ್ನಾಗಿರಲ್ಲ’ ಎಂದರು. ರೆಸ್ಯೂಮೆಯಲ್ಲಿ ಆ ಕೆಲಸ ನಮ್ಮದು ಎಂದು ತೋರಿಸಲು ಇಂದಿಗೂ ನಮ್ಮ ಬಳಿ ಒಂದು ಸಾಲಿಲ್ಲ.

‘ಹಾಡೇ ಎಲ್ಲಿಂದಲೋ ಎತ್ತಿದ್ದು, ಇನ್ನು ಹೆಸರಿಗೆ ಯಾಕೆ ಜಗಳ?’ ಎನ್ನುತ್ತಾನೆ ಗೆಳೆಯ. ಎತ್ತಿಕೊಂಡದ್ದು ತಪ್ಪೆಂದು ನನಗನ್ನಿಸುವುದಿಲ್ಲ. ಈ ಹಾಡು ಬದುಕಿದ್ದೇ ಹಾಗೆ. 1933ರಲ್ಲೇ ಕ್ಲಾರೆನ್ಸ್ ಆಶ್ಲಿ ಮತ್ತು ಗ್ವೆನ್ ಫಾಸ್ಟರ್ ಇದನ್ನು ರೆಕಾರ್ಡ್ ಮಾಡಿದ್ದರು. ಡೇವ್ ವ್ಯಾನ್ ರಾಂಕ್ ಹಾಡುತ್ತಿದ್ದ ಶೈಲಿಯನ್ನು ಬಾಬ್ ಡಿಲನ್ ತಮ್ಮ 1962ರ ಮೊದಲ ಆಲ್ಬಂಗೆ ಎತ್ತಿಕೊಂಡರು. ಆಮೇಲೆ ಜನ, ‘ಇದು ಡಿಲನ್‌ದಲ್ಲವಾ?’ ಎಂದು ವ್ಯಾನ್ ರಾಂಕ್‌ರನ್ನೇ ಕೇಳತೊಡಗಿದರು. ಪಾಪ, ಅವರು ಹಾಡುವುದನ್ನೇ ಬಿಟ್ಟರು. ಅನಿಮಲ್ಸ್ ಬಂದ ಮೇಲೆ ಡಿಲನ್‌ಗೂ ಅದೇ ಗತಿ! ವ್ಯಾನ್ ರಾಂಕ್ ಈ ಕಥೆಯನ್ನು ನಗುತ್ತಲೇ ಹೇಳುತ್ತಿದ್ದರು. ಮುಂದೆ ಫ್ರಿಜಿಡ್ ಪಿಂಕ್ ತಂಡ ಕರ್ಕಶ ಗಿಟಾರ್‌ನಲ್ಲಿ ಇದನ್ನು ಮತ್ತೆ ಹಿಟ್ ಮಾಡಿತು, ಡಾಲಿ ಪಾರ್ಟನ್ ಕೂಡ ಹಾಡಿದರು. ಇಷ್ಟು ಕೈ ದಾಟಿದರೂ ಹಾಡು ಸವೆದಿಲ್ಲ.

ಹೆಸರು ಬರೆಯಲು ಮನಸ್ಸಿದ್ದರೆ ಜಾಗ ಸಿಗುತ್ತದೆ ಎಂಬುದಕ್ಕೂ ಇದೇ ಹಾಡಿನಲ್ಲಿ ಉದಾಹರಣೆ ಇದೆ. 1937ರಲ್ಲಿ ಅಲನ್ ಲೋಮ್ಯಾಕ್ಸ್ ಕೆಂಟಕಿಯ ಮಿಡಲ್ಸ್‌ಬರೊದಲ್ಲಿ ಗಣಿ ಕಾರ್ಮಿಕನ ಮಗಳು, 16 ವರ್ಷದ ಜಾರ್ಜಿಯಾ ಟರ್ನರ್ ಹಾಡಿದ್ದನ್ನು ಧ್ವನಿಮುದ್ರಿಸಿಕೊಂಡರು. 1941ರ ಅವರ ಜಾನಪದ ಗೀತೆಗಳ ಪುಸ್ತಕದಲ್ಲಿ ಈ ಹಾಡಿನ ಜೊತೆ ಆಕೆಯ ಹೆಸರು ಅಚ್ಚಾಗಿದೆ.

ಮುಂದಿನ ತಿಂಗಳು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್‌ಗೆ ಹೋಗುತ್ತದೆ. ಮುಖಪುಟಕ್ಕೆ ನಾಲ್ಕು ಹೆಸರು. ಅಕ್ಷರ ಎಷ್ಟು ಚಿಕ್ಕದಾದರೂ ಪರವಾಗಿಲ್ಲ ಅಣ್ಣಾ, ನಾಲ್ಕೂ ಇರಲಿ ಎಂದು ಡಿಟಿಪಿ ಅಂಗಡಿಯಲ್ಲಿ ಈಗಲೇ ಹೇಳಿಟ್ಟಿದ್ದೇನೆ.