ವಾಲ್ಯೂಮ್ ಗುಂಡಿ ಹತ್ತರಲ್ಲೇ ಕೂರಲಿಕ್ಕಲ್ಲ

ಮುಂಬೈ, ಪುಣೆಯ ಫ್ಲಾಟುಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ ಡಿಜಿಟಲ್ ಆಂಪ್ ದೊಡ್ಡ ಉಪಕಾರ ಮಾಡಿದೆ. ರಾತ್ರಿ ಹನ್ನೊಂದಕ್ಕೂ ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದು, ಪಕ್ಕದ ಮನೆಯವರು ಗೋಡೆ ಬಡಿಯುವುದಿಲ್ಲ. ಆದರೆ ಜೊತೆಗೇ ಒಂದು ಕೆಟ್ಟ ಅಭ್ಯಾಸವೂ ಅಂಟಿಕೊಂಡಿದೆ. ಆಂಪ್, ಸ್ಪೀಕರ್, ಎಫೆಕ್ಟ್‌ಗಳ ಒಂದು ಜೋಡಣೆಯನ್ನು ಹೆಸರಿಟ್ಟು ಉಳಿಸಿಕೊಂಡರೆ ಅದು ಪ್ರಿಸೆಟ್. ಪೆಟ್ಟಿಗೆ ಮನೆಗೆ ಬಂದ ಮೊದಲ ವಾರದಲ್ಲೇ ಇವುಗಳ ಪಟ್ಟಿ ಬೆಳೆಯತೊಡಗುತ್ತದೆ: ‘ಕ್ಲೀನ್’, ‘ಕ್ಲೀನ್ ಹೊಸದು’, ‘ಕ್ರಂಚ್’, ‘ಲೀಡ್’, ‘ಲೀಡ್ ಕೊನೆಯದು’, ‘ಲೀಡ್ ನಿಜವಾಗಿಯೂ ಕೊನೆಯದು’. ಹಾಡಿನ ಮಧ್ಯೆ ಕಾಲು ಸ್ವಿಚ್ಚಿನ ಮೇಲೆ ಕುಣಿಯುತ್ತಿರುತ್ತದೆ. ಗಿಟಾರಿನ ವಾಲ್ಯೂಮ್ ಗುಂಡಿ ಮಾತ್ರ ಕೊಂಡ ದಿನದಿಂದ ಹತ್ತರಲ್ಲೇ ಕೂತಿದೆ.

ಕ್ಲೀನ್‌ಗೊಂದು, ಓವರ್‌ಡ್ರೈವ್‌ಗೊಂದು ಪ್ರಿಸೆಟ್ ಬೇಕೇಬೇಕು ಎನ್ನುವುದು ಹೆಸರುಗಳು ಹುಟ್ಟಿಸಿದ ಭ್ರಮೆ. ಎರಡು ಹೆಸರಿದ್ದ ಮೇಲೆ ಎರಡು ವಸ್ತು ಇರಲೇಬೇಕು ಅನ್ನಿಸುತ್ತದೆ. ಸ್ನಾನದ ನೀರಿನ ವಿಷಯದಲ್ಲಿ ಕನ್ನಡ ಹೆಚ್ಚು ಜಾಣತನ ತೋರಿದೆ. ತಣ್ಣಗೆ, ಬಿಸಿಗಳ ನಡುವೆ ಉಗುರುಬೆಚ್ಚಗೆ ಎಂಬುದನ್ನೂ ಇಟ್ಟುಕೊಂಡಿದೆ. ಗಿಟಾರಿನವರಲ್ಲೂ ಈ ಉಗುರುಬೆಚ್ಚಗಿನ ಜಾಗಕ್ಕೆ ‘ಎಡ್ಜ್ ಆಫ್ ಬ್ರೇಕಪ್’ ಎಂಬ ಹೆಸರಿದೆ. ಧ್ವನಿ ಒಡೆಯಲು ಶುರುವಾಗುವ ಅಂಚು ಅದು. ಒಂದೇ ಪ್ರಿಸೆಟ್‌ನಿಂದ ಎರಡೂ ಧ್ವನಿ ಸಿಗುವುದು ಅಲ್ಲಿಂದಲೇ.

ಒಳಗೆ ನಡೆಯುವುದು ಸರಳ. ಹಳೆಯ ವಾಲ್ವ್ ಆಂಪ್‌ಗೆ ಗಿಟಾರಿನಿಂದ ಸಣ್ಣ ಸಿಗ್ನಲ್ ಹೋದರೆ ಅದು ಇದ್ದಂತೆಯೇ ದೊಡ್ಡದಾಗುತ್ತದೆ: ಇದು ಕ್ಲೀನ್. ವಾಲ್ವಿನ ಮಿತಿ ಮೀರಿದ ಸಿಗ್ನಲ್ ಹೋದರೆ ಅಲೆಯ ತಲೆ ಚಪ್ಪಟೆಯಾಗಿ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ: ಇದು ಓವರ್‌ಡ್ರೈವ್. ಆಂಪ್ ಒಂದೇ, ಬದಲಾದದ್ದು ಒಳಗೆ ಹೋದ ಪ್ರಮಾಣ. ಆ ಪ್ರಮಾಣ ವಾದಕನ ಬಲಗೈ ಮತ್ತು ವಾಲ್ಯೂಮ್ ಗುಂಡಿಯ ಹಿಡಿತದಲ್ಲಿದೆ. ಲಾಗ್ ಬಗೆಯ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದರೆ ಸಿಗ್ನಲ್ ಅರ್ಧವಾಗುವುದಿಲ್ಲ, ಸುಮಾರು ಹತ್ತನೇ ಒಂದು ಭಾಗಕ್ಕೆ, ಅಂದರೆ 20 ಡೆಸಿಬೆಲ್ ಕೆಳಕ್ಕೆ ಇಳಿಯುತ್ತದೆ. ಕಿವಿಗೆ ಮಾತ್ರ ಅಷ್ಟು ಇಳಿದಂತೆ ಕೇಳಿಸುವುದಿಲ್ಲ. ಮೊದಲೇ ತಲೆ ಚಪ್ಪಟೆಯಾಗಿದ್ದ ಅಲೆ ಈಗ ಪೂರ್ತಿಯಾಗಿ ಹಾಯುತ್ತದೆ, ಅಷ್ಟೇ.

1960ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿಯವರು ಫೆಂಡರ್ ಬಾಸ್‌ಮನ್ ಆಂಪನ್ನು ಮಾದರಿಯಾಗಿಟ್ಟುಕೊಂಡು ಜೆಟಿಎಂ45 ಕಟ್ಟಿದಾಗ, ಕಾಲಿನಿಂದ ಬದಲಾಯಿಸುವ ಕ್ಲೀನ್, ಲೀಡ್ ಚಾನೆಲ್‌ಗಳು ಅದರಲ್ಲಿರಲಿಲ್ಲ. ಹಾಗಾಗಿ ಆ ತಲೆಮಾರು ಕೈಯಲ್ಲೇ ಕೆಲಸ ಮಾಡಿತು. ಜೆಫ್ ಬೆಕ್ ಪಿಕ್ ಬಿಟ್ಟು ಬೆರಳಿನಲ್ಲಿ ನುಡಿಸುತ್ತ, ಕಿರುಬೆರಳಿನಿಂದ ಸ್ಟ್ರಾಟೋಕಾಸ್ಟರಿನ ವಾಲ್ಯೂಮ್ ಗುಂಡಿಯನ್ನು ಆಡಿಸುತ್ತಿದ್ದುದು ಪ್ರಸಿದ್ಧ. ಒಂದೇ ಸ್ವರ ಪಿಸುಮಾತಿನಲ್ಲಿ ಹುಟ್ಟಿ ಕೂಗಿನಲ್ಲಿ ಮುಗಿಯುತ್ತಿತ್ತು. ಕಾಲಿನ ಸ್ವಿಚ್ಚಿಗೆ ಇದು ಸಾಧ್ಯವಿಲ್ಲ. ಅದಕ್ಕೆ ಗೊತ್ತಿರುವುದು ಹೌದು, ಇಲ್ಲ ಎಂಬ ಎರಡೇ ಮಾತು.

ಡಿಜಿಟಲ್‌ನಲ್ಲಿ ಇದೆಲ್ಲ ನಡೆಯುವುದಿಲ್ಲ ಎಂಬ ಮಾತು ಈಗಲೂ ಕೇಳಿಬರುತ್ತದೆ. 1998ರ ಲೈನ್ 6 ಪಾಡ್ ಕಾಲಕ್ಕೆ ಆ ದೂರಿನಲ್ಲಿ ಹುರುಳಿತ್ತು. ಈಗಿಲ್ಲ. ಕೆಂಪರ್ ಅಥವಾ ನ್ಯೂರಲ್ ಆಂಪ್ ಮಾಡೆಲರ್‌ನಲ್ಲಿ ಸೆರೆಹಿಡಿದ ಆಂಪ್ ಒಂದು ನಿರ್ದಿಷ್ಟ ಸ್ಥಿತಿಯ ಪಡಿಯಚ್ಚು ಎಂಬುದು ನಿಜವೇ. ಆದರೆ ಒಳಗೆ ಬರುವ ಸಿಗ್ನಲ್ ಏರಿಳಿದಂತೆ ಅದೂ ಏರಿಳಿಯುತ್ತದೆ. ಆಂಪಿನ ಗುಂಡಿ ಹೆಪ್ಪುಗಟ್ಟಿದ್ದರೂ ಗಿಟಾರಿನ ಗುಂಡಿ ಜೀವಂತವಾಗಿಯೇ ಇರುತ್ತದೆ.

ಎಡವಟ್ಟಾಗುವುದು ಸಾಮಾನ್ಯವಾಗಿ ಜೋಡಣೆಯಲ್ಲಿ. ಮೊದಲ ತಪ್ಪು ಅತಿಯಾದ ಗೇನ್. ಲೋಹದಂಥ ಮೊರೆತಕ್ಕೆಂದು ಹಲವು ಗೇನ್ ಹಂತಗಳನ್ನು ಪೇರಿಸಿದ ಆಂಪ್ ಮಾದರಿಯನ್ನು ಆರಿಸಿಕೊಂಡರೆ ಗುಂಡಿಯನ್ನು ಎರಡಕ್ಕೆ ಇಳಿಸಿದರೂ ಅದು ತಿಳಿಯಾಗುವುದಿಲ್ಲ. ಬಾಸ್‌ಮನ್, ವಾಕ್ಸ್ ಎಸಿ30, ಹಳೆಯ ಮಾರ್ಷಲ್ ಮಾದರಿಗಳು ಇದಕ್ಕೆ ಹೇಳಿಮಾಡಿಸಿದಂಥವು. ಗಿಟಾರಿನ ಗುಂಡಿಯನ್ನು ಹತ್ತಕ್ಕಿಟ್ಟು ಜೋರಾಗಿ ಮೀಟಿ, ಸೋಲೋಗೆ ಸಾಕೆನಿಸುವಷ್ಟು ಗೇನ್ ಏರಿಸಬೇಕು. ಆಮೇಲೆ ಐದಕ್ಕಿಳಿಸಿ ಮೆಲ್ಲಗೆ ಮೀಟಬೇಕು. ಇನ್ನೂ ಒಡೆಯುತ್ತಿದ್ದರೆ ಗೇನ್ ಕಡಿಮೆ ಮಾಡಿ ಮತ್ತೆ ಮೊದಲಿನಿಂದ. ಎರಡು ಮೂರು ಸುತ್ತಿನಲ್ಲಿ ಜಾಗ ಸಿಗುತ್ತದೆ. ಅದು ಸಾಮಾನ್ಯವಾಗಿ ಅಂದುಕೊಂಡದ್ದಕ್ಕಿಂತ ಕಡಿಮೆ ಗೇನ್ ಇರುವ ಜಾಗ.

ಎರಡನೆಯದು ನಾಯ್ಸ್ ಗೇಟ್, ಸದ್ದಿಲ್ಲದ ಕಳ್ಳ. ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬಾಗಿಲು ಹಾಕುವುದು ಅದರ ಕೆಲಸ. ಗುಂಡಿ ಇಳಿಸಿದಾಗ ಅಷ್ಟು ಕಷ್ಟಪಟ್ಟು ಪಡೆದ ಕ್ಲೀನ್ ಸ್ವರದ ಬಾಲವನ್ನೇ ಅದು ಕತ್ತರಿಸಿಬಿಡುತ್ತದೆ. ಎಷ್ಟೋ ಜನ ಇದನ್ನು ಆಂಪಿನ ದೋಷವೆಂದುಕೊಂಡು ಮತ್ತೊಂದು ಪ್ರಿಸೆಟ್ ಕೊಳ್ಳುತ್ತಾರೆ. ಆಂಪಿಗೆ ಮುಂಚೆ ಇಟ್ಟ ಕಂಪ್ರೆಸರ್ ಕೂಡ ಕೈಯ ಏರಿಳಿತವನ್ನೆಲ್ಲ ಮಟ್ಟಸ ಮಾಡುತ್ತದೆ.

ಗುಂಡಿ ಇಳಿಸಿದರೆ ಧ್ವನಿ ಮಂಕಾಗುತ್ತದೆ ಎಂಬ ದೂರು ಮಾತ್ರ ನಿಜ. ಗುಂಡಿಯ ರೋಧ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ ಸೇರಿ ಮೇಲಿನ ಆವರ್ತನಗಳನ್ನು ನುಂಗುತ್ತವೆ. ಗುಂಡಿಗೆ ಒಂದು ಸಣ್ಣ ಕೆಪಾಸಿಟರ್ ಬೆಸೆದರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಇದಕ್ಕೆ ‘ಟ್ರೆಬಲ್ ಬ್ಲೀಡ್’ ಎನ್ನುತ್ತಾರೆ. ಖರ್ಚು ಒಂದು ಮಸಾಲೆ ದೋಸೆಯಷ್ಟೂ ಆಗಲಿಕ್ಕಿಲ್ಲ.

ಮದುವೆ ಆರತಕ್ಷತೆಗಳಲ್ಲಿ ಒಂದೇ ಸಂಜೆ ಇಪ್ಪತ್ತು ಬಗೆಯ ಹಾಡು ನುಡಿಸುವವರಿಗೆ, ಸ್ಫಟಿಕದಂಥ ಕ್ಲೀನ್‌ನಿಂದ ಮೆಟಲ್‌ಗೆ ಒಂದೇ ತಾಳದೊಳಗೆ ಜಿಗಿಯಬೇಕಾದವರಿಗೆ ಈ ವಾದ ಒಪ್ಪಿಗೆಯಾಗಲಾರದು. ಅವರಿಗೆ ಸ್ವಿಚ್ಚು ಬೇಕು, ಇರಲಿ. ಆದರೆ ಬಹುಪಾಲು ವಾದಕರು ಮನೆಯಲ್ಲಿ ಒಬ್ಬರೇ ಕೂತು ನುಡಿಸುವವರು. ಎರಡು ಪ್ರಿಸೆಟ್‌ಗಳ ನಡುವೆ ಹಾರುತ್ತಿರುವ ತನಕ ಅವರ ಬಲಗೈಗೆ ಮೆಲ್ಲಗೆ ಮೀಟುವ ಕಾರಣವೇ ಸಿಗುವುದಿಲ್ಲ. ಗೇನ್ ತುಂಬಿದ ಪ್ರಿಸೆಟ್‌ನಲ್ಲಿ ಹೇಗೆ ಮೀಟಿದರೂ ಬಹುತೇಕ ಅದೇ ಸದ್ದು. ವರ್ಷಗಟ್ಟಲೆ ಹೀಗೆ ನುಡಿಸಿದವರಿಗೆ ಸ್ನೇಹಿತನ ಮನೆಯ ಸಾದಾ ಆಂಪ್ ಕೊಟ್ಟರೆ ಕೈ ಕಟ್ಟಿಹಾಕಿದಂತಾಗುತ್ತದೆ.

ಒಂದು ವಾರ ಒಂದೇ ಪ್ರಿಸೆಟ್‌ನಲ್ಲಿ, ಗುಂಡಿಯನ್ನು ಆರರಲ್ಲಿಟ್ಟು ನುಡಿಸಿ ನೋಡಬಹುದು. ಮೇಲಕ್ಕೂ ಕೆಳಕ್ಕೂ ಜಾಗ ಇರುತ್ತದೆ. ಮೊದಲ ದಿನ ತಿರುಗಿಸಿದಾಗ ಗುಂಡಿ ಕರಕರ ಎಂದರೆ ಗಾಬರಿ ಬೇಡ. ಇಷ್ಟು ವರ್ಷ ಮುಟ್ಟದೆ ಕೂತ ಧೂಳು ಅದು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ನಾಲ್ಕು ಸಲ ಅತ್ತಿತ್ತ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.